ನಾಯಿಗೆ ಪಾಠ ಹೇಳುವ ಮುನ್ನ ಮನೆಯವರ ಮಾತು ಒಂದಾಗಲಿ



ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ ಹಂಚಲು, ವಾರ್ಷಿಕ ಚಂದಾ ಸಂಗ್ರಹಿಸಲು ಸದಸ್ಯರ ಮನೆಗಳಿಗೆ ಹೋಗುವ ನಮ್ಮ ಕಾರ್ಯಕರ್ತರಿಗೆ ಈಗ ಮನೆಯವರಿಗಿಂತ ಮೊದಲು ಎದುರಾಗುವುದು ನಾಯಿ. ಕೆಲವು ಮನೆಗಳಲ್ಲಿ ಅದು ಬಾಲ ಅಲ್ಲಾಡಿಸುತ್ತ ಬಂದು, ಮೂಸಿ ನೋಡಿ ಸುಮ್ಮನಾಗುತ್ತದೆ. ಕೆಲವು ಮನೆಗಳಲ್ಲಿ ಸರಪಳಿ ಕಿತ್ತುಹೋಗುವಂತೆ ಎಗರುತ್ತದೆ. ಒಳಗಿನಿಂದ ಮೂವರು ಮೂರು ಬಗೆಯಾಗಿ ಕೂಗುತ್ತಾರೆ, ಅದು ಯಾರ ಮಾತನ್ನೂ ಕೇಳುವುದಿಲ್ಲ. ಹೀಗೆ ಏನೂ ಕಲಿಯದೆ ಬೆಳೆದ ನಾಯಿಯ ಪಾಲಿಗೆ ಕೊನೆಗೆ ಉಳಿಯುವುದು ದಿನವಿಡೀ ಸರಪಳಿ, ಇಲ್ಲವೇ ಯಾವುದೋ ರಾತ್ರಿ ಊರಾಚೆ ಬಿಟ್ಟು ಬರುವುದು. ಗಿಡ್ಡ ಸರಪಳಿಯಲ್ಲಿ ಅತಿ ಹೊತ್ತು ಕಟ್ಟಿಹಾಕುವುದೂ, ಹಸಿವು ಬಾಯಾರಿಕೆಗೆ ಈಡಾಗುವಂತೆ ಕಾರಣವಿಲ್ಲದೆ ಬಿಟ್ಟುಬಿಡುವುದೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಇದಕ್ಕೆ ದುಬಾರಿ ತರಬೇತುದಾರರು ಬೇಕಿಲ್ಲ. ದಿನಕ್ಕೆ ಹತ್ತು ಹದಿನೈದು ನಿಮಿಷ, ಒಂದಿಷ್ಟು ತಾಳ್ಮೆ, ಮನೆಯವರೆಲ್ಲರ ಒಮ್ಮತ ಇದ್ದರೆ ಸಾಕು. ಮೂಲ ಸಂಗತಿಗಳನ್ನು ಕೆಳಗೆ ಕೊಟ್ಟಿದ್ದೇನೆ.

ನಾಯಿ ಕಲಿಯುವ ಬಗೆ

ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗಳ ಜೀರ್ಣಕ್ರಿಯೆಯನ್ನು ಅಭ್ಯಾಸ ಮಾಡಿದವರು. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಊಟ ಬಾಯಿಗೆ ಬೀಳುವ ಮೊದಲೇ, ಅದರ ಸುಳಿವು ಸಿಕ್ಕೊಡನೆ ನಾಯಿಗೆ ಜೊಲ್ಲು ಸುರಿಯುವುದನ್ನು ಅವರು ಗಮನಿಸಿದರು. ನಮ್ಮ ಮನೆಗಳಲ್ಲಿ ತಟ್ಟೆಯ ಸದ್ದಾದರೆ ನಾಯಿ ಅಡುಗೆಮನೆಯ ಬಾಗಿಲಿಗೆ ಬರುವುದೂ ಇದರಿಂದಲೇ. ಯಾವುದರ ಹಿಂದೆ ಯಾವುದು ಬರುತ್ತದೆ ಎಂಬ ಲೆಕ್ಕವನ್ನು ಅದು ಸದಾ ಇಡುತ್ತಿರುತ್ತದೆ.

ಎರಡನೆಯದು, ಲಾಭ ಸಿಕ್ಕಿದ ಕೆಲಸವನ್ನು ಅದು ಮತ್ತೆ ಮಾಡುತ್ತದೆ. ಊಟಕ್ಕೆ ಕುಳಿತಾಗ ಅದು ಮೊಣಕಾಲಿಗೆ ಪಂಜ ಹಾಕಿತು, ನೀವು ರೊಟ್ಟಿಯ ಚೂರು ಕೊಟ್ಟಿರಿ, ಪಾಠ ಮುಗಿಯಿತು. ನಾಳೆಯಿಂದ ಗದರಿಸಿ ಪ್ರಯೋಜನವಿಲ್ಲ. ಮೈಮೇಲೆ ಎಗರುವ ನಾಯಿಯನ್ನು ತಳ್ಳಿ ಬೈಯುವುದೂ ಅದಕ್ಕೆ ಆಟವೇ. ಮುಖ ತಿರುಗಿಸಿ ಸುಮ್ಮನೆ ನಿಲ್ಲಿ. ನಾಲ್ಕೂ ಕಾಲು ನೆಲಕ್ಕಿಟ್ಟಾಗ ಮಾತಾಡಿಸಿ.

ಮೂರನೆಯದು ಹೊತ್ತು. ಸರಿಯಾದ ಕೆಲಸ ಮಾಡಿದ ಒಂದೆರಡು ಸೆಕೆಂಡಿನೊಳಗೆ ಮೆಚ್ಚುಗೆಯೂ ತಿಂಡಿಯ ಚೂರೂ ಸಿಗಬೇಕು. ಬೆಳಿಗ್ಗೆ ಚಪ್ಪಲಿ ಕಡಿದದ್ದಕ್ಕೆ ಸಂಜೆ ಹೊಡೆದರೆ ಅದಕ್ಕೆ ಚಪ್ಪಲಿಯ ನೆನಪಾಗುವುದಿಲ್ಲ. ಯಜಮಾನರು ಮನೆಗೆ ಬಂದರೆ ಏಟು ಬೀಳುತ್ತದೆ ಎಂದಷ್ಟೇ ಅದು ಕಲಿಯುತ್ತದೆ. ಆಗ ಅದು ತಲೆ ತಗ್ಗಿಸುವುದನ್ನು ನಾವು ತಪ್ಪೊಪ್ಪಿಗೆ ಎಂದುಕೊಳ್ಳುತ್ತೇವೆ. ನಿಜವಾಗಿ ಅದು ಭಯ.

ಒಂದು ಕೆಲಸಕ್ಕೆ ಒಂದೇ ಪದ

ಗಡಿನಾಡಿನ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದ ವಿಷಯವಿದು. ಕಾಸರಗೋಡಿನ ಮನೆಯೊಂದರಲ್ಲಿ ಅಜ್ಜಿ ತುಳುವಿನಲ್ಲಿ ‘ಬಲ’ ಎಂದರೆ, ಮಗ ‘ಬಾ’ ಎನ್ನುತ್ತಾನೆ, ಕೆಲಸಕ್ಕೆ ಬರುವಾಕೆ ‘ವಾ’ ಎನ್ನುತ್ತಾಳೆ, ಮೊಮ್ಮಗ ‘ಕಮ್’ ಎನ್ನುತ್ತಾನೆ. ಮಡಕಶಿರಾದಲ್ಲಿ ‘ಬಾ’ ಜೊತೆಗೆ ‘ರಾ’, ಅಕ್ಕಲಕೋಟೆಯಲ್ಲಿ ‘ಯೇ’. ಸೊಲ್ಲಾಪುರದ ಕಡೆ ಇನ್ನೊಂದು ತೊಡಕು: ಕನ್ನಡದ ‘ಬಾ’ ಎಂದರೆ ಹತ್ತಿರ ಬರಬೇಕು, ಮರಾಠಿಯ ‘ಬಸ್’ ಎಂದರೆ ಕೂರಬೇಕು. ಎರಡೂ ಒಂದೇ ಅಕ್ಷರದಿಂದ ಶುರುವಾಗುವ ಗಿಡ್ಡ ಪದಗಳು. ನಾಯಿಯ ಕಿವಿಗೆ ಗೊಂದಲವಾಗುವುದು ಸಹಜ. ಒಂದೇ ಕಡತದ ಮೇಲೆ ಐದು ಅಧಿಕಾರಿಗಳು ಐದು ಷರಾ ಬರೆದರೆ ಗುಮಾಸ್ತ ಏನು ಮಾಡುತ್ತಾನೆ? ಕಡತವನ್ನು ಬದಿಗಿಟ್ಟು ಸುಮ್ಮನಾಗುತ್ತಾನೆ. ನಾಯಿಯೂ ಹಾಗೆಯೇ. ಅದನ್ನು ನಾವು ಮೊಂಡುತನ ಎನ್ನುತ್ತೇವೆ.

ಮನೆಯಲ್ಲಿ ಅಚ್ಚಗನ್ನಡ ಮಾತಾಡುವವರೂ ನಾಯಿಯ ಕಡೆ ತಿರುಗಿದೊಡನೆ ಇಂಗ್ಲಿಷಿಗೆ ಇಳಿಯುವುದುಂಟು. ನಾಯಿಗೆ ಭಾಷೆಯಿಲ್ಲ, ಧ್ವನಿಯಿದೆ. ಬಾ, ಕೂರು, ಬಿಡು, ನಿಲ್ಲು ಎಂಬ ನಾಲ್ಕು ಪದಗಳು ಗಿಡ್ಡವಾಗಿವೆ, ಸ್ಪಷ್ಟವಾಗಿವೆ, ಒಂದರಂತೆ ಇನ್ನೊಂದು ಕೇಳಿಸುವುದಿಲ್ಲ. ಯಾವ ಭಾಷೆಯ ಪದವಾದರೂ ಆಗಬಹುದು. ಆದರೆ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಅದನ್ನೇ ಬಳಸಬೇಕು. ಒಬ್ಬರು ಸೋಫಾ ಮೇಲೆ ಹತ್ತಿಸಿ ಇನ್ನೊಬ್ಬರು ಇಳಿಸುವುದೂ ಬೇಡ.

ಮೊದಲ ಮೂರು ಪಾಠಗಳು

ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ. ಬಹುಮಾನಕ್ಕೆ ಬೇಯಿಸಿದ ಮೊಟ್ಟೆಯ ಅಥವಾ ರೊಟ್ಟಿಯ ಚೂರು, ಕಡಲೆಕಾಳಿನಷ್ಟು ಇದ್ದರೆ ಸಾಕು. ಚಾಕೊಲೇಟ್, ಈರುಳ್ಳಿ, ದ್ರಾಕ್ಷಿ ಮೂರೂ ನಾಯಿಗೆ ವಿಷ. ದ್ರಾಕ್ಷಿ ಬೆಳೆಯುವ ಜತ್ತ, ಸೊಲ್ಲಾಪುರ ಕಡೆಯವರೂ, ಹಬ್ಬದ ಪಾಯಸ ಹಂಚುವವರೂ ಒಣದ್ರಾಕ್ಷಿಯ ವಿಷಯದಲ್ಲಿ ಜಾಗ್ರತೆಯಾಗಿರಬೇಕು.

ಕೂರು: ತಿಂಡಿಯನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ತಲೆಯ ಮೇಲಿಂದ ಹಿಂದಕ್ಕೆ ಒಯ್ಯಿರಿ. ಮುಖ ಮೇಲೆತ್ತಿದಂತೆ ಹಿಂಭಾಗ ತಾನಾಗಿ ನೆಲಕ್ಕೆ ತಾಗುತ್ತದೆ. ತಾಗಿದ ಕೂಡಲೇ ಕೊಡಿ. ಹೀಗೆ ಸರಾಗವಾಗಿ ಕೂರತೊಡಗಿದ ಮೇಲೆ ‘ಕೂರು’ ಎಂಬ ಪದ ಸೇರಿಸಿ. ಬೆನ್ನು ಒತ್ತಿ ಕೂರಿಸಬೇಡಿ.

ಬಾ: ಎರಡು ಹೆಜ್ಜೆ ದೂರದಿಂದ ಆರಂಭಿಸಿ. ಬಂದಾಗಲೆಲ್ಲ ಏನಾದರೂ ಒಳ್ಳೆಯದು ಸಿಗಲಿ. ಬೈಯುವುದಕ್ಕೋ ಅದಕ್ಕೆ ಇಷ್ಟವಿಲ್ಲದ ಸ್ನಾನಕ್ಕೋ ‘ಬಾ’ ಎಂದು ಕರೆದರೆ ಆ ಪದ ಕೆಟ್ಟಂತೆ. ಅಂಥ ಸಂದರ್ಭದಲ್ಲಿ ನೀವೇ ಹತ್ತಿರ ಹೋಗಿ ಕರೆತನ್ನಿ. ಮುಧೋಳ ನಾಯಿ ಸಾಕಿದವರು ಇದನ್ನು ಇನ್ನಷ್ಟು ಅಭ್ಯಾಸ ಮಾಡಿಸಬೇಕು. ಮಹಾರಾಷ್ಟ್ರದ ಕಡೆ ಕಾರವಾನ್ ಎಂದು ಕರೆಸಿಕೊಳ್ಳುವ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ಈ ತಳಿ, ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುವ ಬೇಟೆ ನಾಯಿ. ರಸ್ತೆಯಲ್ಲಿ ಅದಕ್ಕೆ ಹಗ್ಗ ಇರಲೇಬೇಕು.

ಬಿಡು: ಮುಚ್ಚಿದ ಮುಷ್ಟಿಯಲ್ಲಿ ತಿಂಡಿ ಹಿಡಿಯಿರಿ. ನೆಕ್ಕಿ, ಕೆರೆದು, ಬೇಸತ್ತು ಮೂಗು ಹಿಂದೆ ತೆಗೆದ ಕ್ಷಣವೇ ಇನ್ನೊಂದು ಕೈಯಿಂದ ಬೇರೆ ಚೂರು ಕೊಡಿ. ಬಿದ್ದಿರುವ ಇಲಿಪಾಷಾಣಕ್ಕೆ ಬಾಯಿ ಹಾಕುವ ಮೊದಲು ನಾಯಿಯ ಜೀವ ಉಳಿಸುವ ಪದ ಇದೇ.

ಮರಿಯ ದಿನಗಳು

ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರ್ಪಡಿಸಬಾರದು. ಮೂರು ನಾಲ್ಕು ತಿಂಗಳ ವಯಸ್ಸಿನೊಳಗೆ ಅದು ಕುಕ್ಕರಿನ ಸೀಟಿ, ಆಟೋ ಸದ್ದು, ಛತ್ರಿ, ಸಮವಸ್ತ್ರದ ಅಂಚೆಯವರು, ಚಿಕ್ಕ ಮಕ್ಕಳು ಎಲ್ಲವನ್ನೂ ಹೆದರಿಕೆಯಿಲ್ಲದೆ ಕಂಡಿರಲಿ. ಬೆಳೆದ ನಾಯಿಯೂ ಕಲಿಯುತ್ತದೆ, ಆದರೆ ಸಮಯ ಹೆಚ್ಚು ಬೇಕು.

ನಿದ್ದೆಯಿಂದ ಎದ್ದಾಗ, ಉಂಡ ಮೇಲೆ, ಆಡಿದ ಮೇಲೆ ಮರಿಯನ್ನು ಹೊರಗೆ ಒಂದೇ ಜಾಗಕ್ಕೆ ಒಯ್ಯಿರಿ. ಅಲ್ಲೇ ಮುಗಿಸಿದರೆ ಅಲ್ಲೇ ಹೊಗಳಿ. ತಿಂಗಳಿಗೆ ಒಂದು ಗಂಟೆ ಎಂಬ ಅಂದಾಜು ಇಟ್ಟುಕೊಳ್ಳಿ: ಮೂರು ತಿಂಗಳ ಮರಿ ಸುಮಾರು ಮೂರು ಗಂಟೆ ತಡೆಯಬಲ್ಲದು. ಒಳಗೆ ಆದರೆ ಒರೆಸಿಬಿಡಿ. ಮೂಗು ತಿಕ್ಕಿದರೆ ಅದು ಕದ್ದು ಮಾಡಲು ಕಲಿಯುತ್ತದೆ.

ಗುರುಗುಟ್ಟುವುದು ಒಂದು ನೋಟಿಸು

ಉಣ್ಣುವ, ಮಲಗಿರುವ, ಮರಿಗಳೊಂದಿಗಿರುವ ನಾಯಿಯನ್ನು ಮುಟ್ಟಬಾರದೆಂದು ಮಕ್ಕಳಿಗೆ ಕಲಿಸಿ. ನಾಯಿ ಗುರುಗುಟ್ಟಿದರೆ ಹೊಡೆಯಬೇಡಿ. ‘ಇಷ್ಟಕ್ಕೆ ನಿಲ್ಲಿಸು’ ಎಂದು ಅದು ಕೊಡುವ ನೋಟಿಸು ಅದು. ಹೊಡೆತಕ್ಕೆ ಹೆದರಿ ಗುರುಗುಟ್ಟುವುದನ್ನು ಬಿಟ್ಟ ನಾಯಿ ಮುಂದೆ ನೋಟಿಸು ಕೊಡದೆಯೇ ಕಚ್ಚುತ್ತದೆ.

ಎಷ್ಟು ಕಲಿತ ನಾಯಿಯಾದರೂ ರೇಬೀಸ್ ಲಸಿಕೆ ತಪ್ಪಿಸಬಾರದು. ಮೊದಲನೆಯದು ಮೂರು ತಿಂಗಳಿಗೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷವೂ. ಕೇರಳದಲ್ಲಿ ನಾಯಿ ಸಾಕಲು ಪಂಚಾಯತಿನ ಲೈಸೆನ್ಸಿಗೂ ಈ ಪ್ರಮಾಣಪತ್ರ ಬೇಕು. ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚುತ್ತ ಕೂರಬಾರದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ.

ನಾಯಿ ಇರುವ ಸದಸ್ಯರು ಈ ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ನಾಲ್ಕು ಪದಗಳನ್ನು ತೀರ್ಮಾನಿಸಿ, ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಎರಡು ವಾರ ಯಾರೂ ಆ ಹಾಳೆ ಮೀರದಿರಲಿ.

— ಕಾರ್ಯದರ್ಶಿ