ಹಾರ್ಮೋನಿನ ಬೀಗಕ್ಕೆ ಕಳ್ಳಕೀಲಿ

ಹೆಣ್ಣಿನ ಮುಟ್ಟು, ಬಸಿರುಗಳ ಹಿಂದೆ ಈಸ್ಟ್ರೋಜನ್ ಎಂಬ ಹಾರ್ಮೋನಿದೆ. ರಕ್ತದಲ್ಲಿ ಅದರ ಪ್ರಮಾಣ ಅತ್ಯಲ್ಪ. ಆದರೆ ಜೀವಕೋಶದೊಳಗೆ ಅದಕ್ಕೆಂದೇ 'ರಿಸೆಪ್ಟರ್' ಎಂಬ ಗ್ರಾಹಕವಿದೆ. ಬೀಗಕ್ಕೆ ಕೀಲಿ ಕೂಡಿದಂತೆ ಇವೆರಡೂ ಸೇರಿದಾಗ ಕೋಶಕ್ಕೆ ಬೆಳೆಯುವ ಆಜ್ಞೆ ಸಿಗುತ್ತದೆ.

ಈ ಬೀಗ ಕಳ್ಳಕೀಲಿಗೂ ತೆರೆಯುತ್ತದೆ! ಎಂಡೋಸಲ್ಫಾನ್ ಕೀಟನಾಶಕವು ಪ್ರಯೋಗಾಲಯದಲ್ಲಿ ಮಾನವ ಸ್ತನ ಕ್ಯಾನ್ಸರಿನ ಕೋಶಗಳನ್ನು ಈಸ್ಟ್ರೋಜನ್‌ನಂತೆಯೇ ಬೆಳೆಸುತ್ತದೆಂದು 1994ರಲ್ಲಿ ಅಮೆರಿಕದ ವಿಜ್ಞಾನಿ ಆನಾ ಸೋಟೊ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅದರ ಬಲ ನಿಜವಾದ ಹಾರ್ಮೋನಿಗಿಂತ ಬಹಳ ಕಡಿಮೆ. ಆದರೆ ಇಂತಹ ಹಲವು ರಾಸಾಯನಿಕಗಳು ಕೂಡಿದರೆ ಪರಿಣಾಮವೂ ಕೂಡುತ್ತದೆ.

ಇದೇ ವಿಷವನ್ನು ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಅಲ್ಲಿನ ಗಂಡುಮಕ್ಕಳು ಪ್ರಾಯಕ್ಕೆ ಬರುವುದು ತಡವಾಗುತ್ತಿದೆಯೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ಅದನ್ನು ನಿಷೇಧಿಸಿತು.

ಒಂದು ವಿಷ ಹೋದರೂ ಎಚ್ಚರ ಹೋಗಬಾರದು. ಗರ್ಭದಲ್ಲಿರುವ ಮಗುವಿನ ಅಂಗಾಂಗಗಳು ಹಾರ್ಮೋನುಗಳ ಆಜ್ಞೆಯಂತೆಯೇ ರೂಪುಗೊಳ್ಳುತ್ತವೆ. ಆದ್ದರಿಂದ ಬಸುರಿಯರು ಔಷಧಿ ಸಿಂಪಡಿಸುವ ತೋಟದತ್ತ ಸುಳಿಯದಿರಲಿ. ಸಿಂಪಡಿಸಿ ಬಂದವರ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ತರಕಾರಿಯನ್ನು ಹರಿಯುವ ನೀರಿನಲ್ಲಿ ತೊಳೆಯಿರಿ. ಕೀಟನಾಶಕದ ಖಾಲಿ ಡಬ್ಬ ಎಷ್ಟೇ ಗಟ್ಟಿಯಾಗಿದ್ದರೂ ಅಡುಗೆಮನೆಯೊಳಗೆ ಬಾರದಿರಲಿ.