ನೇಮ್‌ಸರ್ವರ್: ಹೆಸರು ಒಂದೇ, ಕೆಲಸ ಬೇರೆ ಬೇರೆ

2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತರ ಹೊತ್ತಿಗೆ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೇ ನಿಂತುಹೋದವು. ಮೊಬೈಲನ್ನು ಆಫ್ ಮಾಡಿ ಆನ್ ಮಾಡಿದವರಿಗೆ ಲೆಕ್ಕವಿಲ್ಲ. ಆದರೆ ದೋಷ ಮೊಬೈಲಿನದಾಗಿರಲಿಲ್ಲ. ಆ ಕಂಪೆನಿಯ ನೇಮ್‌ಸರ್ವರ್‌ಗಳೇ ಹೊರಗಿನವರಿಗೆ ಸಿಗದಾಗಿದ್ದವು.

ಕಂಪ್ಯೂಟರ್‌ಗಳು ಒಂದನ್ನೊಂದು ಗುರುತಿಸುವುದು ಐಪಿ ವಿಳಾಸ ಎಂಬ ಅಂಕಿಗಳಿಂದ. ಜನರಿಗೆ ನೆನಪಿರುವುದು ಹೆಸರು. ಹೆಸರು ಕೇಳಿ ಅಂಕಿ ಹೇಳುವ ಡಿಎನ್‌ಎಸ್ ವ್ಯವಸ್ಥೆಯನ್ನು 1983ರಲ್ಲಿ ರೂಪಿಸಿದವರು ಅಮೆರಿಕದ ಪಾಲ್ ಮೊಕಾಪೆಟ್ರಿಸ್.

ನೀವು ಟೈಪ್ ಮಾಡಿದ ಹೆಸರು ಮೊದಲು ತಲುಪುವುದು ರಿಸಾಲ್ವರ್‌ಗೆ. ಸಾಮಾನ್ಯವಾಗಿ ಇದು ನಿಮಗೆ ಇಂಟರ್‌ನೆಟ್ ಕೊಟ್ಟ ಕಂಪೆನಿಯದು, ಗೂಗಲ್‌ನ 8.8.8.8 ಕೂಡ ಇದೇ ಜಾತಿಯದು. ಇದರ ಬಳಿ ಸ್ವಂತ ದಾಖಲೆ ಇರುವುದಿಲ್ಲ, ನಿಮ್ಮ ಪರವಾಗಿ ಕೇಳಿಕೊಂಡು ಬರುತ್ತದೆ. ಮೊದಲು ಕೇಳುವುದು ರೂಟ್ ಸರ್ವರನ್ನು. ಇವುಗಳಿಗೆ 'ಎ'ಯಿಂದ 'ಎಂ' ತನಕ 13 ಹೆಸರುಗಳಿವೆ. ಹಾಗೆಂದು ಯಂತ್ರಗಳೂ 13 ಎಂದುಕೊಳ್ಳಬೇಡಿ, ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಇವೆ. ಡಾಟ್ ಕಾಮ್, ಡಾಟ್ ಇನ್ ಯಾರ ಸುಪರ್ದಿಯಲ್ಲಿವೆ ಎಂದಷ್ಟೇ ರೂಟ್ ಹೇಳುತ್ತದೆ. ಆ ಹಂತದ ಟಿಎಲ್‌ಡಿ ಸರ್ವರ್ ಮುಂದಿನ ದಾರಿ ತೋರಿಸುತ್ತದೆ. ಕೊನೆಗೆ ನಿಜವಾದ ವಿಳಾಸ ಇರುವುದು ಅಥಾರಿಟೇಟಿವ್ ಸರ್ವರ್‌ನಲ್ಲಿ. ಅಧಿಕೃತ ಉತ್ತರ ಕೊಡುವ ಹಕ್ಕು ಇದಕ್ಕೆ ಮಾತ್ರ.

ಫೇಸ್‌ಬುಕ್ ಎಡವಿದ್ದು ಈ ಕೊನೆಯ ಮೆಟ್ಟಿಲಲ್ಲಿ. ನಿರ್ವಹಣೆ ವೇಳೆ ಕೊಟ್ಟ ಒಂದು ತಪ್ಪು ಆದೇಶದಿಂದ ಅದರ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕ ಕಡಿಯಿತು. ಇದನ್ನು ಕಂಡ ನೇಮ್‌ಸರ್ವರ್‌ಗಳು, ಮೊದಲೇ ಬರೆದಿಟ್ಟ ನಿಯಮದಂತೆ, ತಮ್ಮತ್ತ ಬರುವ ದಾರಿಯನ್ನೇ ಇಂಟರ್‌ನೆಟ್‌ನಿಂದ ಅಳಿಸಿಹಾಕಿದವು. ರೂಟ್ ಸರಿಯಿತ್ತು, ಡಾಟ್ ಕಾಮ್ ಸರಿಯಿತ್ತು, ಕೇಳಿದ್ದಕ್ಕೆ ಉತ್ತರಿಸುವವರೇ ಇರಲಿಲ್ಲ. ಫೇಸ್‌ಬುಕ್‌ಗೆ ಇಂಥ ನಾಲ್ಕು ನೇಮ್‌ಸರ್ವರ್ ಹೆಸರುಗಳಿದ್ದವು. ನಾಲ್ಕೂ ಅದರದೇ ಜಾಲದೊಳಗೆ! ದುರಸ್ತಿಗೆ ಬೇಕಾದ ಕಂಪೆನಿಯ ಒಳಗಿನ ಸಾಧನಗಳೂ ಕೈಕೊಟ್ಟವು. ಸೇವೆ ಮರಳಲು ಸುಮಾರು ಆರು ಗಂಟೆ ಹಿಡಿಯಿತು.

ಸ್ವಂತ ವೆಬ್‌ಸೈಟ್ ಇರುವವರು ಗಮನಿಸಬೇಕಾದದ್ದು ಇಲ್ಲಿದೆ. ಅಥಾರಿಟೇಟಿವ್‌ನಲ್ಲೇ ಪ್ರೈಮರಿ, ಸೆಕೆಂಡರಿ ಎಂದು ಎರಡು ಬಗೆ. ದಾಖಲೆ ತಿದ್ದುವುದು ಪ್ರೈಮರಿಯಲ್ಲಿ. ಸೆಕೆಂಡರಿ ಅದರ ನಕಲು ಇಟ್ಟುಕೊಂಡು ಅಷ್ಟೇ ಅಧಿಕಾರದಿಂದ ಉತ್ತರಿಸುತ್ತದೆ. ಎರಡನ್ನೂ ಒಂದೇ ಕಟ್ಟಡದಲ್ಲಿ, ಒಂದೇ ಜಾಲದಲ್ಲಿ ಇಟ್ಟರೆ ಸೆಕೆಂಡರಿ ಇದ್ದೂ ಇಲ್ಲದಂತೆ.

ಇನ್ನೊಂದು ವಿಷಯ. ರಿಸಾಲ್ವರ್ ತಂದ ಉತ್ತರವನ್ನು ಟಿಟಿಎಲ್ ಅವಧಿ ಮುಗಿಯುವ ತನಕ ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ಹೋಸ್ಟಿಂಗ್ ಬದಲಿಸುವವರು ಒಂದೆರಡು ದಿನ ಮೊದಲೇ ಟಿಟಿಎಲ್ ಇಳಿಸಿಡುವುದು ಒಳ್ಳೆಯದು. ಇಲ್ಲದಿದ್ದರೆ ಕೆಲವರಿಗೆ ಹೊಸ ತಾಣ ತೆರೆದರೆ, ಉಳಿದವರಿಗೆ ಹಳೆಯದೇ ಕಾಣಿಸುತ್ತಿರುತ್ತದೆ.