ಮೂರು ಬಂಡೆಗಳ ಪಾಠ, ಸರ್ವರ್ ಕೋಣೆಯಲ್ಲಿ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಒಂದೇ ಶಾಸನದ ಪ್ರತಿಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಜಟಿಂಗ ರಾಮೇಶ್ವರದ ಅಕ್ಷರಗಳು ಬಹಳ ಸವೆದಿವೆ. ಅಲ್ಲಿ ಅಳಿದದ್ದನ್ನು ಬ್ರಹ್ಮಗಿರಿಯ ಪ್ರತಿ ನೋಡಿ ಓದಿಕೊಳ್ಳಬಹುದು. ಒಂದೇ ಬಂಡೆಯ ಮೇಲೆ ಮೂರು ಸಲ ಕೊರೆದಿದ್ದರೆ ಸವೆತ ಮೂರಕ್ಕೂ ಒಟ್ಟಿಗೇ ತಗಲುತ್ತಿತ್ತು. ಫೇಲ್‌ಓವರ್ ಕ್ಲಸ್ಟರ್ (ಒಂದು ಸರ್ವರ್ ಸತ್ತರೆ ಇನ್ನೊಂದು ಅದರ ಕೆಲಸ ಎತ್ತಿಕೊಳ್ಳುವ ಗುಂಪು) ಇದ್ದಕ್ಕಿದ್ದಂತೆ ಕುಸಿದಾಗ ಹುಡುಕಬೇಕಾದದ್ದೂ ಇದನ್ನೇ: ಬೇರೆ ಬೇರೆ ಎಂದು ನಂಬಿದ್ದ ಯಂತ್ರಗಳು ಯಾವ ಒಂದೇ ಬಂಡೆಯ ಮೇಲೆ ನಿಂತಿದ್ದವು?

ಒಂದು ಹೋಸ್ಟ್ ಸರ್ವರ್‌ನೊಳಗೆ ಹತ್ತಾರು ವರ್ಚುವಲ್ ಯಂತ್ರಗಳು ವಠಾರದ ಬಾಡಿಗೆದಾರರಂತೆ ಬದುಕುತ್ತವೆ. ಹೋಸ್ಟ್ ಸತ್ತರೆ ಪಕ್ಕದ ಹೋಸ್ಟ್ ಅವನ್ನು ಎತ್ತಿಕೊಳ್ಳಬೇಕು. ಅದಕ್ಕಾಗಿ ಹೋಸ್ಟ್‌ಗಳು ಸೆಕೆಂಡಿಗೊಮ್ಮೆ ಪರಸ್ಪರ 'ಹಾರ್ಟ್‌ಬೀಟ್' ಕಳಿಸುತ್ತವೆ. ವಿಂಡೋಸ್ ಸರ್ವರ್ 2016ರಲ್ಲಿ, ಸೆಟ್ಟಿಂಗ್ ಬದಲಿಸದಿದ್ದರೆ, ಒಂದೇ ಸಬ್‌ನೆಟ್‌ನ ಸರ್ವರ್ 10 ಬಡಿತ ತಪ್ಪಿಸಿದರೆ ಗುಂಪಿನಿಂದ ಹೊರಬೀಳುತ್ತದೆ, ಲಾಗ್‌ನಲ್ಲಿ 1135 ಎಂಬ ಸಂಖ್ಯೆ ಮೂಡುತ್ತದೆ. ಆದರೆ ಬಡಿತ ಕೇಳಿಸದಿರುವುದು ಬೇರೆ, ಸಾವು ಬೇರೆ. ನಡುವಿನ ಸ್ವಿಚ್ ಮುಗ್ಗರಿಸಿದರೂ ಬಡಿತ ಕೇಳಿಸುವುದಿಲ್ಲ. ಆಗ ಎರಡೂ ಕಡೆಯವರು 'ಆತ ಸತ್ತ, ನಾನೇ ಯಜಮಾನ' ಎಂದು ಒಂದೇ ಡಿಸ್ಕ್‌ಗೆ ಬರೆಯತೊಡಗಿದರೆ ದತ್ತಾಂಶವೇ ಹಾಳು. ಹಾಗಾಗಿಯೇ ಬಹುಮತದ ನಿಯಮ, ಇಬ್ಬರಿದ್ದಲ್ಲಿ ಮೂರನೆಯ ಸಾಕ್ಷಿ. ಆ ಸಾಕ್ಷಿಯೂ ಅದೇ ಸ್ವಿಚ್‌ನ ಹಿಂದೆ ಕೂತಿದ್ದರೆ ಬಹುಮತ ಯಾರಿಗೂ ಸಿಗದೆ ಇಡೀ ಕ್ಲಸ್ಟರ್ ನಿಲ್ಲುತ್ತದೆ. ಇನ್ನು 0x9E ಎಂಬ ನೀಲಿ ಪರದೆಯನ್ನು ಕಂಡು ಹಾರ್ಡ್‌ವೇರ್ ಬದಲಿಸುವವರಿದ್ದಾರೆ. ಅದು ಕ್ಲಸ್ಟರ್ ತಾನೇ ಕೈಗೊಂಡ ತೀರ್ಮಾನ: ತನ್ನ ಸೇವೆ ಹೆಪ್ಪುಗಟ್ಟಿ ಉತ್ತರಿಸದಿದ್ದಾಗ ಅದು ಹೋಸ್ಟನ್ನು ಬೇಕೆಂದೇ ಕೆಡವುತ್ತದೆ. ರೋಗ ಅದಕ್ಕೂ ಒಂದು ನಿಮಿಷ ಹಿಂದೆ, ಉತ್ತರಿಸದ ಡಿಸ್ಕ್‌ನಲ್ಲೋ ಬರಿದಾದ ಮೆಮೊರಿಯಲ್ಲೋ ಇರಬಹುದು.

ಇನ್ನೊಂದು ಸರ್ವರ್ ಸೇರಿಸಿದರಾಯಿತಲ್ಲ ಎನ್ನಬಹುದು. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್‌ನಲ್ಲೂ ದಿಕ್ಕು ತಿಳಿಸುವ ಘಟಕಕ್ಕೆ ಬದಲಿ ಇತ್ತು. ಎರಡರಲ್ಲೂ ಒಂದೇ ತಂತ್ರಾಂಶ, ಒಂದೇ ದೋಷ. ಮೊದಲು ಬದಲಿ, ಮರುಕ್ಷಣ ಮುಖ್ಯ ಘಟಕ ಕೈಕೊಟ್ಟವು. ಇದಕ್ಕೆ ವ್ಯತಿರಿಕ್ತವಾಗಿ, ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ 2024ರ ಜೂನ್ 23ರಂದು ಚಿನೂಕ್ ಹೆಲಿಕಾಪ್ಟರ್‌ನಿಂದ 4.5 ಕಿ.ಮೀ. ಎತ್ತರದಲ್ಲಿ ಬಿಡಲ್ಪಟ್ಟ ಇಸ್ರೋದ ರೆಕ್ಕೆಯುಳ್ಳ ವಾಹನ 'ಪುಷ್ಪಕ್' ತಾನಾಗಿ ರನ್‌ವೇಗೆ ಇಳಿಯಿತು. ಅದು ಜಡತ್ವ ಸಂವೇದಕ, ರೇಡಾರ್ ಎತ್ತರಮಾಪಕ, ಗಾಳಿಯ ಒತ್ತಡ, ನಾವಿಕ್ ಉಪಗ್ರಹ ಸಂಕೇತ ಹೀಗೆ ಸ್ವಭಾವವೇ ಬೇರೆಯಾದ ಮೂಲಗಳ ಮಾತನ್ನು ಕೂಡಿಸಿ ನೋಡುತ್ತಿತ್ತು. ಹೋಸ್ಟ್‌ಗಳು ಹೀಗೆ ಭಿನ್ನವಾಗಿರಲಾರವು, ವರ್ಚುವಲ್ ಯಂತ್ರ ಓಡುತ್ತಿರುವಾಗಲೇ ಜಾಗ ಬದಲಿಸಲು ಪ್ರೊಸೆಸರ್‌ಗಳು ಹೊಂದಿಕೆಯಾಗಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅವುಗಳ ಯುಪಿಎಸ್, ಸ್ವಿಚ್, ಡಿಸ್ಕ್‌ಗೆ ಹೋಗುವ ಕೇಬಲ್ ಒಂದೇ ಆಗಿರಬೇಕಿಲ್ಲ. ಹೊಸ ಡ್ರೈವರನ್ನು ಎಲ್ಲಕ್ಕೂ ಒಂದೇ ರಾತ್ರಿ ಹಾಕಬೇಕಿಲ್ಲ. ಒಂದಕ್ಕೆ ಹಾಕಿ, ಒಂದು ವಾರ ಅದರ ಬಡಿತ ಆಲಿಸಬಹುದು.